ನನಗೆ ಕೈಯ ಆಪರೇಷನ್ನೇ ಬೇಕಿತ್ತು

ಮೊದಲೇ ಹೇಳಿಬಿಡುತ್ತೇನೆ. ವೀಸಾ ಹೇಗೆ ಸಿಗುತ್ತದೆ, ಯಾವ ಪರೀಕ್ಷೆಗೆ ಯಾವ ಪುಸ್ತಕ ಓದಬೇಕು, ಅಲ್ಲಿ ಬಾಡಿಗೆ ಮನೆ ಎಲ್ಲಿ ಹುಡುಕಬೇಕು ಎಂಬುದೆಲ್ಲ ಈ ಬರಹದಲ್ಲಿಲ್ಲ. ಅದನ್ನು ಹೇಳುವ ಏಜೆಂಟರು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಬಟ್ಟೆ ಅಂಗಡಿಗಳ ಮಹಡಿಯ ಮೇಲೆ ಬೋರ್ಡು ಹಾಕಿಕೊಂಡು ಕೂತಿದ್ದಾರೆ. ಸೇಡಂ ರಸ್ತೆಯ ನನ್ನ ಮನೆಗೆ ಭಾನುವಾರ ಬಂತೆಂದರೆ ಎಳೆಯ ಡಾಕ್ಟರರು ಬರುತ್ತಾರೆ. ಕೈಯಲ್ಲಿ ಫೈಲು, ಮುಖದಲ್ಲಿ ಅಂಜಿಕೆ. "ಮೇಡಂ, ಹೊರದೇಶದಾಗ ಸ್ಪೆಷಲಿಸ್ಟ್ ನೌಕರಿ ಹ್ಯಾಂಗ ಸಿಗ್ತದ್ರಿ?" ಎಂದು ಕೇಳುತ್ತಾರೆ. ನೌಕರಿ ಸಿಗುತ್ತದಪ್ಪ, ಯಾಕೆ ಸಿಗುವುದಿಲ್ಲ? ಆದರೆ ಮೊದಲು ಸಿಗುವುದು ನಿಮಗೆ ಬೇಕಾದದ್ದಲ್ಲ, ಅಲ್ಲಿಯವರಿಗೆ ಬೇಡವಾದದ್ದು. ಅದು ನನಗೂ ಬೇಡ ಎಂದು ಹೇಳಿ, ನನಗೆ ಬೇಕಾದದ್ದನ್ನೇ ಹಟ ಹಿಡಿದು ಕೇಳಿದವಳು ನಾನು. ಹಟಮಾರಿ ಎಂದು ಎರಡು ದೇಶಗಳಲ್ಲಿ ಹೆಸರು ಪಡೆದಿದ್ದೇನೆ. ಅದನ್ನು ಬೈಗುಳವೆಂದು ನಾನು ಯಾವತ್ತೂ ತಿಳಿದುಕೊಂಡಿಲ್ಲ.

ನನ್ನ ಹೆಸರು ಸುಜಾತಾ. ಊರು ಕಮಲಾಪುರ. ನಮ್ಮವ್ವ ಬೇರೆಯವರ ತೋಟದಲ್ಲಿ ಕೆಂಪು ಬಾಳೆಯ ಗೊನೆ ಹೊತ್ತು ನನ್ನನ್ನು ಓದಿಸಿದಳು. ನಮ್ಮ ಕೇರಿಯವರು ಮುಟ್ಟಿದ ನೀರು ಕುಡಿಯದ ಮನೆಗಳು ಆಗ ಊರಲ್ಲಿ ಬೇಕಾದಷ್ಟಿದ್ದವು. ಮುಂದೆ ಆ ಮನೆಗಳವರ ಕೈಗಳನ್ನೂ ನಾನೇ ಹೊಲಿದೆ. ನೋವು ಜೋರಾಗಿದ್ದಾಗ ಯಾರೂ ಕೇರಿ ಕೇಳಲಿಲ್ಲ. ಎಂ.ಎಸ್. ಓದಲು ಮೂಳೆ ವಿಭಾಗ ಆರಿಸಿಕೊಂಡಾಗ, ಹೆಂಗಸಿಗೆ ಯಾಕೆ ಈ ಬಡಿಗನ ಕೆಲಸ, ಹೆರಿಗೆ ಮಾಡಿಸಿಕೊಂಡು ಆರಾಮ ಇರಬಾರದೇ ಎಂದವರು ಹಲವರು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನನಗೆ ಮಾತೂ ಗೊತ್ತಿತ್ತು, ಜಗಳವೂ ಗೊತ್ತಿತ್ತು.

ಎಂಬತ್ತರ ದಶಕದ ನಡುವೆ ನಾನು ಕಲಬುರಗಿಯ ಒಂದು ಟ್ರಸ್ಟಿನ ದವಾಖಾನೆಗೆ ಸೇರಿದೆ. ಅದರ ಹೆಸರು ಬೇಡ. ಸರ್ಕಾರಿ ಕಾಗದಗಳಲ್ಲಿ ಊರಿನ ಹೆಸರು ಗುಲಬರ್ಗಾ ಎಂದಿತ್ತು, ನಮ್ಮ ಬಾಯಲ್ಲಿ ಮಾತ್ರ ಆಗಲೂ ಕಲಬುರಗಿಯೇ. ತೊಗರಿಯ ನಾಡಲ್ಲವೇ, ಸುಗ್ಗಿ ಮುಗಿದು ದಾಲ್ ಮಿಲ್ಲುಗಳು ಬಿಡುವಿಲ್ಲದೆ ಓಡಲು ಶುರುವಾದರೆ ನಮ್ಮ ವಾರ್ಡಿನಲ್ಲಿ ಕೈಗಳ ಸಾಲು. ಯಂತ್ರದ ಪಟ್ಟಾಕ್ಕೆ ಸೆರಗು ಸಿಕ್ಕಿದವರು, ಕಾಳು ಬಳಿಯಲು ಹೋಗಿ ಬೆರಳು ಕೊಟ್ಟವರು. ಬಹಳ ಮಂದಿ ಡಾಕ್ಟರರ ರೂಢಿ ಒಂದೇ: ಬೆರಳು ತೆಗೆ, ಹೊಲಿಗೆ ಹಾಕು, ಮನೆಗೆ ಕಳಿಸು. ಬೇಗ ಮುಗಿಯುತ್ತಿತ್ತು, ಗಾಯ ಬೇಗ ಒಣಗುತ್ತಿತ್ತು. ಆದರೆ ಮನೆಗೆ ಹೋದ ಕೈ ಏನು ಮಾಡುತ್ತಿತ್ತು ಎಂದು ಯಾರೂ ಕೇಳುತ್ತಿರಲಿಲ್ಲ.

ನಮ್ಮ ಯೂನಿಟ್ಟಿನ ಮುಖ್ಯಸ್ಥರು ಡಾ. ದೇಶಮುಖ. ಎತ್ತರದ ಆಳು, ಬಿಳಿ ಸಫಾರಿ, ಕಾರಿಡಾರಿನ ಆ ತುದಿಯಲ್ಲಿ ಮಾತಾಡಿದರೆ ಈ ತುದಿಯ ರೋಗಿ ಎದ್ದು ಕೂರುವಂಥ ದನಿ. ಶಸ್ತ್ರಚಿಕಿತ್ಸೆಯಲ್ಲಿ ಕೈ ಬಹಳ ಚೊಕ್ಕ, ಅದನ್ನು ಅಲ್ಲಗಳೆಯಲಾರೆ. ಆದರೆ ಮಧ್ಯಾಹ್ನದ ಮೇಲೆ ಆ ಕೈ ಅವರ ಸ್ವಂತ ನರ್ಸಿಂಗ್ ಹೋಮಿನಲ್ಲಿರುತ್ತಿತ್ತು. ಆಗ ಬಂದ ಕೇಸುಗಳೆಲ್ಲ ನನ್ನವು. ಮಾಡುವುದು ನಾನು, ಹೆಸರು ಅವರದು. ಬೋರ್ಡಿನ ಮೇಲೆ ದೇಶಮುಖ, ಕಾಗದದ ಮೇಲೆ ದೇಶಮುಖ. ರೋಗಿಯ ಕಡೆಯವರು ನನ್ನ ಕಾಲಿಗೆ ಬಿದ್ದರೆ ನಾನು ಹಿಂದೆ ಸರಿದು, "ನಮ್ಮ ಸರ್ ಮಾಡ್ಯಾರ, ಅವರಿಗೆ ಕೈ ಮುಗೀರಿ" ಎನ್ನುತ್ತಿದ್ದೆ. ಇದನ್ನು ಯಾರೂ ನನಗೆ ಕಲಿಸಿರಲಿಲ್ಲ. ಕಿರಿಯ ಡಾಕ್ಟರ್ ಎಂದರೆ ಹಾಗೆಯೇ ಮಾತಾಡಬೇಕು, "ನಾನು ಮಾಡಿದೆ" ಎಂದವನು ಉದ್ಧಟ. ಆಗ ಎಲ್ಲರೂ ಹಾಗೇ ಇದ್ದೆವು.

ಆ ದಿನಗಳ ಒಂದು ಕೇಸು ನನ್ನ ಇಡೀ ಬದುಕನ್ನೇ ತಿರುಗಿಸಿತು. ಮಾಣಿಕಮ್ಮ ಎಂಬ ಹೆಣ್ಣುಮಗಳು, ಮಿಲ್ಲಿನಲ್ಲಿ ಚೀಲ ಹಿಡಿಯುವ ಕೆಲಸದವಳು. ಬಲಗೈಯ ಮೂರು ಬೆರಳುಗಳನ್ನು ಮಡಚುವ ನರಗಳು ಬುಡದಲ್ಲೇ ತುಂಡಾಗಿದ್ದವು. ನರ ಎನ್ನುವುದು ಜನರ ಮಾತು. ನಿಜಕ್ಕೂ ಅವು ಸ್ನಾಯುವಿನಿಂದ ಬೆರಳ ತುದಿಗೆ ಹೋಗುವ ಬಿಳಿ ಹಗ್ಗಗಳು. ಬೆರಳಿನ ಬುಡದಲ್ಲಿ ಎರಡೆರಡು ಹಗ್ಗಗಳು ಒಂದೇ ಇಕ್ಕಟ್ಟಾದ ಸುರಂಗದಲ್ಲಿ ಓಡುತ್ತವೆ. ಅಲ್ಲಿ ತುಂಡಾದರೆ ಹೊಲಿಯಬೇಡಿ, ಹೊಲಿದರೂ ಅಂಟಿಕೊಳ್ಳುತ್ತದೆ ಎಂದು ನಾವು ಓದಿದ ಪುಸ್ತಕಗಳು ಹೇಳುತ್ತಿದ್ದವು. ಮಧ್ಯಾಹ್ನದ ಹೊತ್ತು, ಸರ್ ಇರಲಿಲ್ಲ. ಬೆರಳು ತೆಗೆಯಲು ನನಗೆ ಮನಸ್ಸು ಬರಲಿಲ್ಲ. ಒಂದೊಂದೇ ಹಗ್ಗ ಹುಡುಕಿ ಹೊಲಿದೆ. ಆಗಿನ ರೂಢಿಯಂತೆ ಪ್ಲಾಸ್ಟರ್ ಹಾಕಿ ಕೆಲವು ವಾರ ಕಟ್ಟಿಟ್ಟೆ. ಬಿಚ್ಚಿದಾಗ ಹೊಲಿಗೆ ಗಟ್ಟಿಯಾಗಿತ್ತು. ಬೆರಳುಗಳು ಅದಕ್ಕಿಂತ ಗಟ್ಟಿಯಾಗಿದ್ದವು, ಸೌದೆಯ ಹಾಗೆ.

"ಹೊಲ್ದೀರಿ, ಛಲೋ ಆತು ಬಾಯಾರ," ಎಂದಳು ಮಾಣಿಕಮ್ಮ. "ಆದ್ರ ಬೆರಳು ನನ್ನ ಮಾತ ಕೇಳವಲ್ವು. ರೊಟ್ಟಿ ಹ್ಯಾಂಗ ಬಡೀಲಿ?"

ದೇಶಮುಖ ಸರ್ ರೌಂಡಿನಲ್ಲಿ ಆ ಕೈ ನೋಡಿ, "ಬೆರಳು ಉಳದಾವಲ್ಲ, ಮತ್ತೇನು ಬೇಕು?" ಎಂದರು. ಮತ್ತೇನು ಬೇಕು ಎಂದರೆ! ಬೆರಳು ಇಟ್ಟುಕೊಂಡು ಪೂಜೆ ಮಾಡಬೇಕೇ? ಅವತ್ತು ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಅದೇ ಹೊತ್ತಿಗೆ ಹಳೆಯ ಜರ್ನಲ್ ಒಂದರಲ್ಲಿ ಓದಿದೆ: ಹೊರದೇಶಗಳಲ್ಲಿ ಹೊಲಿದ ಕೆಲವೇ ದಿನಕ್ಕೆ ಬೆರಳು ಅಲುಗಾಡಿಸಲು ಶುರು ಮಾಡುತ್ತಾರೆ, ಅದಕ್ಕೆಂದೇ ಕೈಗಳ ವಿಭಾಗಗಳಿವೆ. ಹೋಗಿ ಕಲಿಯಬೇಕು, ಕಲಿತ ಮೇಲೆ ಯಾರ ಹೆಸರಿನ ಹಿಂದೆಯೂ ನಿಲ್ಲದೆ ಕೈಗಳ ಸರ್ಜನ್ ಆಗಬೇಕು ಎಂದು ನಿಶ್ಚಯಿಸಿದೆ. ಬೇರೆ ಏನೂ ಬೇಡ.

ಹೊರಡುವ ಮುಂಚೆ ಅವ್ವ ಅಳಲಿಲ್ಲ. "ಹೋಗು. ಅಲ್ಲಿ ಕುಂದ್ರು ಅಂದ್ರ ಕುಂದ್ರು. ನಿಂದ್ರು ಅಂದ್ರ ಯಾಕ ಅಂತ ಕೇಳು" ಎಂದಳು. ಇಷ್ಟು ಒಳ್ಳೆಯ ಸಲಹೆಯನ್ನು ಯಾವ ಏಜೆಂಟನೂ ಕೊಡುವುದಿಲ್ಲ.

ಇಂಗ್ಲೆಂಡಿನಲ್ಲಿ ಮೊದಲು ಅಲ್ಲಿನ ವೈದ್ಯ ಮಂಡಳಿಯ ಪರೀಕ್ಷೆ. ಔಷಧ, ರೋಗ, ಇಂಗ್ಲಿಷು ಎಲ್ಲ ಕೇಳುತ್ತಾರೆ, ಓದಿದರೆ ಪಾಸಾಗುತ್ತದೆ. ಪಾಸಾದವರೆಲ್ಲ ಕೆಲಸ ಸಿಕ್ಕಿತೆಂದು ಊರಿಗೆ ಫೋನ್ ಮಾಡುತ್ತಾರೆ. ಮಾಡಬೇಡಿ. ಆ ಪರೀಕ್ಷೆ ಗೇಟಿನ ಚಿಲಕ ಮಾತ್ರ, ಮನೆ ಇನ್ನೂ ದೂರವಿದೆ. ಅಲ್ಲಿ ಕೆಲಸ ಸಿಗಬೇಕಾದರೆ ಅಲ್ಲಿಯವರೇ ಯಾರಾದರೂ "ಈ ಮನುಷ್ಯನ ಕೆಲಸ ನಾನು ನೋಡಿದ್ದೇನೆ" ಎನ್ನಬೇಕು. ಅವರು ನೋಡಬೇಕಾದರೆ ಕೆಲಸ ಸಿಗಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು, ಹಾಗಾಯಿತು ನಮ್ಮ ಪಾಡು. ಈ ಗಂಟು ಬಿಡಿಸಲು ಎಲ್ಲರೂ ಸಂಬಳವಿಲ್ಲದೆ ಯಾವುದಾದರೂ ಆಸ್ಪತ್ರೆಯಲ್ಲಿ ನೋಡುಗರಾಗಿ ಸೇರುತ್ತಿದ್ದರು. ನಾನೂ ಉತ್ತರದ ಒಂದು ಗಿರಣಿ ಊರಿನ ಆಸ್ಪತ್ರೆಯಲ್ಲಿ, ಕೈಗಳ ವಿಭಾಗದ ಬಾಗಿಲಲ್ಲಿ, ಕೈ ಹಿಂದೆ ಕಟ್ಟಿಕೊಂಡು ನಿಂತೆ. ಮುಟ್ಟುವ ಹಾಗಿಲ್ಲ, ನೋಡಬಹುದು.

ಆ ವಿಭಾಗದ ಮುಖ್ಯಸ್ಥರು ಮಿಸ್ಟರ್ ವಿಟಕರ್. ಅಲ್ಲಿ ಸರ್ಜನ್ನರನ್ನು ಡಾಕ್ಟರ್ ಎನ್ನಬಾರದು, ಮಿಸ್ಟರ್ ಎನ್ನಬೇಕು. ಮೊದಲ ದಿನ ನಾನು "ಡಾಕ್ಟರ್ ಸರ್" ಎಂದಾಗ ಅವರು ಬೂಟಿನೊಳಗೆ ಕಲ್ಲು ಸಿಕ್ಕವರ ಹಾಗೆ ಮುಖ ಮಾಡಿದರು. ತೆಳ್ಳಗಿನ, ಕಡಿಮೆ ಮಾತಿನ ಮನುಷ್ಯ. ಆದರೆ ಅವರ ವಿಭಾಗದಲ್ಲಿ ನಾನು ಕಂಡದ್ದು ನನ್ನ ನಿದ್ದೆ ಕೆಡಿಸಿತು. ಬೆರಳಿನ ಹಗ್ಗ ಹೊಲಿದ ಮೇಲೆ ಉಗುರಿಗೆ ಒಂದು ಸಣ್ಣ ಕೊಕ್ಕೆ ಸಿಕ್ಕಿಸಿ, ಅದರಿಂದ ಮುಂಗೈವರೆಗೆ ರಬ್ಬರ್ ಬ್ಯಾಂಡ್ ಎಳೆದು ಕಟ್ಟುತ್ತಿದ್ದರು. ಬೆರಳು ತಾನೇ ಮಡಚಿಕೊಂಡಿರುತ್ತದೆ. ರೋಗಿ ಅದನ್ನು ಮೆಲ್ಲಗೆ ನೆಟ್ಟಗೆ ಮಾಡುತ್ತಾನೆ, ಬಿಟ್ಟರೆ ರಬ್ಬರ್ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹೊಲಿಗೆಯ ಮೇಲೆ ಭಾರ ಬೀಳುವುದಿಲ್ಲ, ಸುರಂಗದಲ್ಲಿ ಹಗ್ಗ ಓಡಾಡುತ್ತಲೇ ಇರುವುದರಿಂದ ಅಂಟಿಕೊಳ್ಳುವುದೂ ಇಲ್ಲ. ಒಂದು ರಬ್ಬರ್ ಬ್ಯಾಂಡು! ನಮ್ಮಲ್ಲಿ ನೋಟಿನ ಕಟ್ಟಿಗೆ ಹಾಕುವಂಥದು. ಮಾಣಿಕಮ್ಮನ ಕೈ ನೆನಪಾಗಿ ನನಗೆ ಅಲ್ಲೇ ನಿಂತು ಕಣ್ಣೀರು ಬಂತು.

ಕೆಲವು ತಿಂಗಳಿಗೆ ಆ ವಿಭಾಗದಲ್ಲಿ ಕಿರಿಯ ಸರ್ಜನ್ ಹುದ್ದೆ ಖಾಲಿಯಾಯಿತು. ಅರ್ಜಿ ಹಾಕಿದೆ. ಸಂದರ್ಶನಕ್ಕೆ ಕರೆದರು. ಮಿಸ್ಟರ್ ವಿಟಕರ್ ಕೇಳಿದರು: "ಭಾರತದಲ್ಲಿ ಈ ಹಗ್ಗಗಳನ್ನು ಹೊಲಿದ ಅನುಭವ ನಿಮಗಿದೆಯೇ?"

"ನಮ್ಮ ಯೂನಿಟ್ಟಿನಲ್ಲಿ ಬಹಳ ಆಗುತ್ತಿದ್ದವು. ನಮ್ಮ ಸರ್ ಮಾಡುತ್ತಿದ್ದರು."

"ನೀವು?"

"ಸರ್ ಮಾರ್ಗದರ್ಶನದಲ್ಲಿ ಸಹಾಯ ಮಾಡುತ್ತಿದ್ದೆ. ಎಲ್ಲ ಅವರ ಆಶೀರ್ವಾದ."

ಬರೆದುಕೊಂಡರು. ವಾರ ಕಳೆದ ಮೇಲೆ ಉತ್ತರ ಬಂತು: ನಿಮಗೆ ಸ್ವತಂತ್ರ ಅನುಭವ ಸಾಲದು, ವೃದ್ಧರ ವಿಭಾಗದಲ್ಲಿ ಹುದ್ದೆಗಳಿವೆ, ಅಲ್ಲಿ ನಿಮ್ಮಂಥವರಿಗೆ ಒಳ್ಳೆಯ ಅವಕಾಶವಿದೆ.

ನಿಮ್ಮಂಥವರು! ಆ ವೃದ್ಧರ ವಿಭಾಗದಲ್ಲಿ ಆಗಲೇ ಖುರ್ಷೀದ್ ಆಪಾ ಇದ್ದರು. ಬೀದರಿನವರು, ನನಗಿಂತ ಹಿರಿಯರು, ಆಸ್ಪತ್ರೆಯಲ್ಲಿ ನನ್ನ ಜೊತೆ ನಮ್ಮ ಕಡೆಯ ಮಾತಾಡುವವರೆಂದರೆ ಅವರೊಬ್ಬರೇ. ಕಣ್ಣಿನ ಸರ್ಜನ್ ಆಗಲು ಬಂದವರನ್ನು ವೃದ್ಧರ ವಾರ್ಡಿಗೆ ಕಳಿಸಿ ಬಹಳ ವರ್ಷವಾಗಿತ್ತು. ಸಂದರ್ಶನದಲ್ಲಿ ಏನು ಹೇಳಿದೆ ಎಂದು ಕೇಳಿದರು. ಹೇಳಿದೆ. ಹಣೆ ಹಣೆ ಬಡಿದುಕೊಂಡರು.

"ಅರೇ ಹುಚ್ಚಿ! ಇಲ್ಲಿ ಸರ್ ಮಾಡಿದ್ರು ಅಂದ್ರ ಸರೇ ಮಾಡಿದ್ರು ಅಂತ ಬರ್ಕೋತಾರ. ನಮ್ಮ ತಹಜೀಬ್, ನಮ್ಮ ಮರ್ಯಾದಿ, ಇವ್ರಿಗೇನ್ ಗೊತ್ತು? ನಾನೂ ಹಿಂಗೇ ಅಂದಿದ್ದೆ. ನಮ್ಮ ಬಡೇ ಡಾಕ್ಟರ್ ಸಾಹೇಬ್ರದೇ ಎಲ್ಲಾ ಮೆಹರಬಾನಿ ಅಂತ. ಈಗ ನೋಡು, ಎಲ್ಲಿ ಅದೀನಿ."

"ಹೊಳ್ಳಿ ಹೋಗಿ ಹೇಳ್ತೀನಿ ಆಪಾ, ಎಲ್ಲಾ ನಾನೇ ಮಾಡೀನಿ ಅಂತ."

"ಬ್ಯಾಡ. ಸಿಕ್ಕಿದ್ದು ತಗೋ. ಹಾಸಿಗಿ ಇದ್ದಷ್ಟು ಕಾಲು ಚಾಚು."

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ. ಆದರೆ ಹಾಸಿಗೆಯನ್ನು ಗಿಡ್ಡ ಮಾಡಿದವರು ಯಾರು ಎಂದೂ ಕೇಳಬೇಕಲ್ಲ! ವೃದ್ಧರ ಆರೈಕೆ ಕೀಳು ಕೆಲಸ ಎಂದು ನಾನು ಹೇಳುತ್ತಿಲ್ಲ. ಆಪಾ ಅದನ್ನು ಎಷ್ಟು ಪ್ರೀತಿಯಿಂದ ಮಾಡಿದರೆಂದು ಬಲ್ಲೆ. ಕಣ್ಣು ಬೇಕೆಂದವರನ್ನು, ಕೈ ಬೇಕೆಂದವರನ್ನು, ನಿಮ್ಮಂಥವರು ಅಲ್ಲಿಗೇ ಸರಿ ಎಂದು ತಳ್ಳುವುದು ಕೀಳು.

ಮರುದಿನ ಮಿಸ್ಟರ್ ವಿಟಕರ್ ಕೋಣೆಯ ಬಾಗಿಲು ತಟ್ಟಿದೆ. "ಆವತ್ತು ನಾನು ಹೇಳಿದ್ದು ನಿಜವಲ್ಲ. ಆ ಆಪರೇಷನ್ನುಗಳನ್ನು ನಾನೇ ಮಾಡಿದ್ದೇನೆ, ಒಬ್ಬಳೇ."

ಕನ್ನಡಕ ತೆಗೆದು ನೋಡಿದರು. "ಹಾಗಾದರೆ ಆವತ್ತು ಸುಳ್ಳು ಯಾಕೆ ಹೇಳಿದಿರಿ?"

"ಅದು ಸುಳ್ಳಲ್ಲ. ನಮ್ಮಲ್ಲಿ ಅದು ಮರ್ಯಾದೆ."

"ಆವತ್ತಿನದು ಮರ್ಯಾದೆ. ಇವತ್ತಿನದು ನಿಜ ಎಂದು ನಾನು ಹೇಗೆ ನಂಬಲಿ?"

ಪ್ರಶ್ನೆ ಸರಿಯಾಗಿಯೇ ಇತ್ತು, ಅದಕ್ಕೇ ಹೆಚ್ಚು ಉರಿಯಿತು. "ನಂಬಬೇಡಿ. ಕೆಲಸಕ್ಕೆ ತೆಗೆದುಕೊಂಡು ನೋಡಿ. ಕೈ ಬರದಿದ್ದರೆ ವೃದ್ಧರ ವಾರ್ಡಿಗೆ ನಾನೇ ಹೋಗುತ್ತೇನೆ" ಎಂದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡು ಮೇಜಿನ ಕಾಗದಗಳಿಗೆ ತಿರುಗಿದರು. ಹುದ್ದೆಗೆ ಆರಿಸಿದ್ದ ಹುಡುಗ ಬೇರೆ ಊರಿಗೆ ಹೋಗಿಬಿಟ್ಟಾಗ ತಾತ್ಕಾಲಿಕವಾಗಿ ನನ್ನನ್ನು ಕರೆದರು. ಮೊದಲ ಆಪರೇಷನ್ನಿಗೆ ಪಕ್ಕದಲ್ಲೇ ನಿಂತು ನೋಡಿದರು. ಎರಡನೆಯದಕ್ಕೆ ಸ್ಟೂಲಿನ ಮೇಲೆ ಕೂತರು. ಆಮೇಲೆ ಬರುವುದನ್ನೇ ಬಿಟ್ಟರು.

ಅಲ್ಲಿಂದ ಮುಂದಿನ ವರ್ಷಗಳನ್ನು ಉದ್ದ ಎಳೆಯುವುದಿಲ್ಲ. ಅಲ್ಲಿನ ಸರ್ಜನ್ನರ ಫೆಲೋಶಿಪ್ ಪರೀಕ್ಷೆಯಲ್ಲಿ ಒಂದು ಸಲ ಫೇಲಾಗಿ ಇನ್ನೊಂದು ಸಲ ಪಾಸಾದೆ. ಆಪರೇಷನ್ ಮಾಡುವ ಹುದ್ದೆ ಕಾಯಂ ಆಯಿತು, ಆದರೆ ಅದರ ಮೇಲಿನ ಕನ್ಸಲ್ಟೆಂಟ್ ಹುದ್ದೆ ಸಿಗಲಿಲ್ಲ. ತಮಾಷೆ ಏನೆಂದರೆ, ಅಲ್ಲಿಯೂ ರೋಗಿಯ ಮಂಚದ ಮೇಲಿನ ಬೋರ್ಡಿನಲ್ಲಿ ನನ್ನ ಹೆಸರಿರಲಿಲ್ಲ, ವಿಟಕರ್ ಹೆಸರಿತ್ತು. ನಾನು ಹೊಲಿಗೆ ಕಲಿಸಿದ ಹುಡುಗರು ನನ್ನ ಕಣ್ಣೆದುರೇ ಕನ್ಸಲ್ಟೆಂಟ್ ಆಗಿ ಬಂದು, "ಹೇಗಿದ್ದೀರಿ ಸುಜಾತಾ" ಎಂದು ಬೆನ್ನು ತಟ್ಟುತ್ತಿದ್ದರು. ನಾನು ಚೆನ್ನಾಗಿಲ್ಲ ಎನ್ನುತ್ತಿದ್ದೆ.

ಒಬ್ಬ ರೋಗಿಯನ್ನು ಮಾತ್ರ ಹೇಳದೆ ಮುಂದೆ ಹೋಗಲಾರೆ. ಬ್ರೆಡ್ ಕಾರ್ಖಾನೆಯವನು, ಯಂತ್ರಕ್ಕೆ ಕೈ ಸಿಕ್ಕಿ ನಾಲ್ಕೂ ಬೆರಳಿನ ಹಗ್ಗ ತುಂಡಾಗಿ ಬಂದಿದ್ದ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಡಾಕ್ಟರ್ ಯಾವಾಗ ಬರುತ್ತಾರೆ?" ಎಂದ. "ಬಂದಾಗಿದೆ. ಬೇರೆಯವರು ಬೇಕಿದ್ದರೆ ಸೋಮವಾರದವರೆಗೆ ಆ ಕೈಯನ್ನು ಹೀಗೇ ಹಿಡಿದುಕೊಂಡು ಕೂತಿರು" ಎಂದೆ. ಗೊಣಗುತ್ತ ಒಪ್ಪಿದ. ಹೊಲಿದೆ, ರಬ್ಬರ್ ಬ್ಯಾಂಡ್ ಕಟ್ಟಿದೆ, ವ್ಯಾಯಾಮ ತಪ್ಪಿಸಿದಾಗಲೆಲ್ಲ ಬೈದೆ. ಕೊನೆಯ ತಪಾಸಣೆಗೆ ಬಂದವನು ಧನ್ಯವಾದ ಹೇಳಲಿಲ್ಲ. ಬಹಳ ಹೊತ್ತು ಕಾಯಿಸಿದಿರಿ, ನಿಮ್ಮ ಚಹಾ ಕುಡಿಯುವ ಹಾಗಿಲ್ಲ ಎಂದು ಕೂಗಾಡಿ ನನ್ನ ಮೇಜನ್ನು ಗುದ್ದಿದ. ನಾನು ಅವನ ಮುಖ ನೋಡಲೇ ಇಲ್ಲ. ಮುಷ್ಟಿ ನೋಡುತ್ತಿದ್ದೆ. ನಾಲ್ಕೂ ಬೆರಳು ಅಂಗೈಗೆ ತಾಗಿದ ಪೂರ್ತಿ ಮುಷ್ಟಿ. "ಇನ್ನೊಂದು ಸಲ ಗುದ್ದಪ್ಪ" ಎಂದೆ. ಹುಚ್ಚಿ ಎಂದುಕೊಂಡು ಎದ್ದುಹೋದ.

ತೊಂಬತ್ತರ ದಶಕದ ಕೊನೆಯಲ್ಲಿ ಮಿಸ್ಟರ್ ವಿಟಕರ್ ನಿವೃತ್ತರಾಗುವ ಹೊತ್ತು ಬಂತು. ಅವರ ಜಾಗಕ್ಕೆ, ಅಂದರೆ ಕೈಗಳ ವಿಭಾಗದ ಮುಖ್ಯಸ್ಥೆಯ ಜಾಗಕ್ಕೆ, ನಾನು ಅರ್ಜಿ ಹಾಕಿದೆ. ಅಷ್ಟರಲ್ಲಿ ನಿಯಮ ಬದಲಾಗಿತ್ತು. ತಜ್ಞರ ಪಟ್ಟಿಯಲ್ಲಿ ಹೆಸರಿಲ್ಲದವರು ಕನ್ಸಲ್ಟೆಂಟ್ ಆಗುವ ಹಾಗಿಲ್ಲ. ಹೊರದೇಶದಲ್ಲಿ ತರಬೇತಿಯಾದವರು ಆ ಪಟ್ಟಿ ಸೇರಬೇಕೆಂದರೆ, ತಮ್ಮ ತರಬೇತಿ ಅಲ್ಲಿನದಕ್ಕೆ ಸಮಾನವೆಂದು ಒಂದು ಸಮಿತಿಯ ಮುಂದೆ ತೋರಿಸಬೇಕು. ಇಂಗ್ಲೆಂಡಿನ ವರ್ಷಗಳಿಗೆ ವಿಟಕರ್ ಸಾಕ್ಷಿಯಿದ್ದರು. ಕಲಬುರಗಿಯ ವರ್ಷಗಳು ಸೇರದಿದ್ದರೆ ಒಟ್ಟು ಅನುಭವ ಸಾಲುತ್ತಿರಲಿಲ್ಲ. ಕಲಬುರಗಿಯ ಕಾಗದಗಳಲ್ಲೆಲ್ಲ ಒಂದೇ ಹೆಸರು, ದೇಶಮುಖ. ಅಂದು ನಾನು ಸ್ವತಂತ್ರವಾಗಿ ಆಪರೇಷನ್ ಮಾಡುತ್ತಿದ್ದೆನೆಂದು ಅವರೇ ಹೇಳಬೇಕು ಎಂದಿತು ಸಮಿತಿ. ಇಲ್ಲವಾದರೆ ಅರ್ಜಿ ಅಲ್ಲಿಗೇ ಮುಗಿಯಿತು. ನಾನು ಕಲಿಸಿದ ಹುಡುಗನೊಬ್ಬ ಆ ಕುರ್ಚಿಗೆ ಬರುತ್ತಾನೆ, ನಾನು ನಿವೃತ್ತಿಯವರೆಗೂ ಇನ್ನೊಬ್ಬರ ಬೋರ್ಡಿನ ಕೆಳಗೆ ಹೊಲಿಯುತ್ತಿರಬೇಕು.

ರಜೆ ಹಾಕಿ ಊರಿಗೆ ಬಂದೆ. ದೇಶಮುಖ ಸರ್ ಕೋಟನೂರಿನ ಕಡೆ ಹೊಸ ಮನೆ ಕಟ್ಟಿಕೊಂಡು ವಿಶ್ರಾಂತರಾಗಿದ್ದರು. ಕೂದಲು ಬೆಳ್ಳಗಾಗಿತ್ತು, ದನಿ ಹಾಗೇ ಇತ್ತು.

"ಬಾ ಸುಜಾತಾ, ಕುಂದ್ರು. ವಿಲಾಯತಿ ನೀರು ಛಲೋ ಹಿಡದಾವು ನಿನಗ." ಒಳಗೆ ತಿರುಗಿ ಚಹಾಕ್ಕೆ ಹೇಳಿದರು. ನಾನು ಬಂದ ಕಾರಣ ಹೇಳಿದೆ. ಅವರ ಮುಖ ಬಿಗಿಯಿತು.

"ನಮ್ಮ ಯೂನಿಟ್ಟಿನ್ಯಾಗ ನಡದದ್ದೆಲ್ಲಾ ನಂದೇ. ಛಲೋ ಆದ್ರೂ ನಂದೇ, ಕೆಟ್ರೂ ನಂದೇ. ನೀ ಮಾಡಿದ ಆಪರೇಷನ್ ಕೆಟ್ಟಾಗ ಮಂದಿ ಬಡಿಗಿ ಹಿಡ್ಕೊಂಡು ಬಂದಿದ್ರು, ನೆನಪದನು? ಬಾಗಲದಾಗ ಯಾರು ನಿಂತಿದ್ರು? ನಿನ್ನ ಹೆಸರು ಹೇಳಿದ್ನೇನು ನಾ?"

ಅದು ನಿಜ. ಆವತ್ತು ಅವರು ಎದೆಯೊಡ್ಡಿ, "ನಾ ಮಾಡೀನಿ, ಏನ್ ಮಾಡ್ತೀರಿ ಮಾಡ್ರಿ" ಎಂದು ಆ ಗುಂಪನ್ನು ತಡೆದಿದ್ದರು. ಅದರ ಋಣ ನನ್ನ ಮೇಲಿದೆ. ಆದರೆ ಬೈಗುಳ ತಿಂದವರಿಗೇ ಕೆಲಸವೂ ಸೇರುತ್ತದೆ ಎಂಬುದು ಯಾವ ನ್ಯಾಯ?

"ಇಲ್ರಿ ಸರ್, ಹೇಳಿಲ್ಲ. ಅದಕ್ಕ ಇವತ್ತಿಗೂ ನಿಮಗ ಕೈ ಮುಗೀತೀನಿ. ಆದ್ರ ಮಾಡಿದ್ದು ನಾನು. ನೀವು ಆಪರೇಷನ್ ಥಿಯೇಟರಿನ್ಯಾಗ ಇರ್ಲಿಲ್ಲ ಅಂತ ಬರದು ಕೊಡ್ರಿ."

"ಹಂಗ ಬರದ್ರ ನನ್ನ ಮರ್ಯಾದಿ ಏನಾಗ್ಬೇಕು?"

"ಬರೀದಿದ್ರ ನನ್ನ ಇಷ್ಟು ವರ್ಷದ ದುಡಿಮಿ ಏ‌ನಾಗ್ಬೇಕ್ರಿ ಸರ್?"

ಅವರು ಕಿಟಕಿಯ ಕಡೆ ನೋಡಿದರು. "ಚಹಾ ಕುಡಿ" ಎಂದರು. ಅಂದರೆ ಬರೆಯುವುದಿಲ್ಲ. ನಾನು ಎದ್ದೆ. ಚಹಾ ಮುಟ್ಟಲಿಲ್ಲ. ನಮ್ಮ ಕಡೆ ಮುಂದಿಟ್ಟ ಚಹಾ ಬಿಟ್ಟು ಏಳುವುದು ಬೈದದ್ದಕ್ಕಿಂತ ಹೆಚ್ಚು. ಅದು ಅವರಿಗೂ ಗೊತ್ತಿತ್ತು.

ಕಮಲಾಪುರಕ್ಕೆ ಹೋಗಿ ಅವ್ವನ ಮುಂದೆ ಎಲ್ಲ ಹೇಳಿಕೊಂಡು ಸಿಟ್ಟಿನಿಂದ ಅತ್ತೆ. ಅವ್ವ ಕೇಳಿಸಿಕೊಂಡು, ಎಲೆ ಅಡಿಕೆ ಹಾಕಿಕೊಂಡು, ನಿಧಾನವಾಗಿ ಮಾತಾಡಿದಳು.

"ಚಹಾ ಬಿಟ್ಟು ಬಂದಿ, ಛಲೋ ಮಾಡ್ದಿ. ಆದ್ರ ಕೇಳೂದು ನಿನಗ ತಿಳೀಲಿಲ್ಲ. ಇಂಥ ದೊಡ್ಡ ಮನಿತನದವ್ರು ಒಬ್ಬರ ಮುಂದ ಬಗ್ಗಂಗಿಲ್ಲ, ಕಾಗದದಾಗಂತೂ ಬರಿಯಂಗಿಲ್ಲ. ನಾ ಕೂಲಿಗೆ ಹೋದಾಗ ನೋಡೀನಿ. ನಾಕು ಮಂದಿ ಪಂಚರ ಮುಂದ ನಿಂದ್ರಿಸಿ ಕೇಳಿದ್ರ, ಸುಳ್ಳು ಹೇಳಲಾಕ ಅವ್ರ ನಾಲಿಗಿ ಏಳಂಗಿಲ್ಲ. ಅಲ್ಲೇ ಅವ್ರ ಮರ್ಯಾದಿ ಇರ್ತದ."

"ಅವ್ರನ್ನ ಇಂಗ್ಲೆಂಡಿಗೆ ಹ್ಯಾಂಗ ಕರಕೊಂಡು ಹೋಗ್ಲಿ ಯವ್ವಾ?"

"ಫೋನ್ ಇಲ್ಲೇನು ಅವ್ರ ಮನ್ಯಾಗ?"

ಇಲ್ಲಿ ಓದುವವರಿಗೆ ಒಂದು ಮಾತು. ಈಗಿನ ದಿನಗಳಲ್ಲಿ ನೀವು ಮಾಡಿದ ಪ್ರತಿ ಆಪರೇಷನ್ನಿಗೂ ಆಯಾ ದಿನವೇ ಮೇಲಿನವರ ಸಹಿ ಹಾಕಿಸಿಕೊಳ್ಳಿ. ಮಾಡಿದವರು ಯಾರು, ನೋಡುತ್ತ ನಿಂತವರು ಯಾರು, ಎರಡೂ ಇರಲಿ. ಕೇಳಲು ನಾಚಿಕೆಯಾಗುತ್ತದೆ, ಗೊತ್ತು. ನಾಚಿಕೊಳ್ಳಿ, ಕೇಳಿ. ವಿನಯ ಒಳ್ಳೆಯ ಗುಣ, ಆದರೆ ಸಂದರ್ಶನದ ಕೋಣೆಯಲ್ಲಿ ಅದನ್ನು ತೊಟ್ಟುಕೊಂಡು ಕೂತರೆ ನಿಮ್ಮ ಕೈಯ ಕೆಲಸ ಯಾರಿಗೂ ಕಾಣುವುದಿಲ್ಲ. ನನ್ನ ಕಾಲದಲ್ಲಿ ಹೀಗೆಂದು ಹೇಳುವವರು ಇರಲಿಲ್ಲ. ಅದಕ್ಕೇ ನಾನು ಫೋನ್ ನಂಬರ್ ಒಂದನ್ನೇ ನಂಬಿ ಸಮಿತಿಯ ಮುಂದೆ ಹೋಗಬೇಕಾಯಿತು.

ಸಮಿತಿಯಲ್ಲಿ ಮೂವರಿದ್ದರು. ಅಧ್ಯಕ್ಷೆ ಬೆಳ್ಳಿ ಕೂದಲಿನ, ಗಂಭೀರ ಮುಖದ ಸರ್ಜನ್. "ಭಾರತದ ಅನುಭವಕ್ಕೆ ನಿಮ್ಮ ಮುಖ್ಯಸ್ಥರ ದೃಢೀಕರಣ ಎಲ್ಲಿದೆ?" ಎಂದು ಕೇಳಿದರು.

"ಅವರು ಬರೆದು ಕೊಡಲಿಲ್ಲ. ಇದು ಅವರ ಮನೆಯ ನಂಬರು. ನಿಮ್ಮೆಲ್ಲರ ಎದುರಿಗೇ ಕೇಳಿ."

"ಹೀಗೆ ಮಾಡುವ ಪದ್ಧತಿ ಇಲ್ಲಿಲ್ಲ."

"ನಮ್ಮ ಕಡೆ ಇದೆ. ಪಂಚರ ಮುಂದೆ ಕೇಳುವುದು. ನನ್ನ ವಿರುದ್ಧ ಹೇಳಿದರೆ ನಾನು ಎದ್ದು ಹೋಗುತ್ತೇನೆ, ಇನ್ನೊಂದು ಅರ್ಜಿ ಹಾಕುವುದಿಲ್ಲ."

ಮೂವರೂ ತಮ್ಮತಮ್ಮಲ್ಲಿ ಮಾತಾಡಿಕೊಂಡರು. ಎಲ್ಲರಿಗೂ ಕೇಳಿಸುವಂಥ ಒಂದು ಫೋನನ್ನು ಮೇಜಿನ ಮೇಲೆ ತಂದಿಟ್ಟರು. ಕಲಬುರಗಿಯಲ್ಲಿ ಆಗ ಸಂಜೆಯ ಚಹಾದ ಹೊತ್ತು. ಗಂಟೆ ಬಾರಿಸುತ್ತಲೇ ಇತ್ತು. ಕೊನೆಗೆ ಆ ದನಿ ಬಂತು, ಕೋಣೆಯ ಗೋಡೆಗಳಿಗೆ ಬಡಿಯುವ ಹಾಗೆ. ಅಧ್ಯಕ್ಷೆ ತಾವು ಯಾರು, ಏನು ವಿಷಯ ಎಂದು ವಿವರಿಸಿದರು.

ಸರ್ ಇಂಗ್ಲಿಷಿನಲ್ಲಿ, ಆದರೆ ಕಲಬುರಗಿಯ ಗತ್ತಿನಲ್ಲಿ ಹೇಳಿದರು: "ನನ್ನ ಯೂನಿಟ್ಟಿನ ಪ್ರತಿಯೊಂದು ಕೇಸೂ ನನ್ನದು."

ನಾನು ಎದ್ದು ಹೋಗಲು ಚೀಲಕ್ಕೆ ಕೈ ಹಾಕಿದೆ.

"ಅದು ತಿಳಿಯಿತು," ಎಂದರು ಅಧ್ಯಕ್ಷೆ. "ಆಪರೇಷನ್ ನಡೆಯುವಾಗ ನೀವು ಥಿಯೇಟರಿನಲ್ಲಿ ಇದ್ದಿರೇ? ನಮ್ಮ ಪ್ರಶ್ನೆ ಅಷ್ಟೇ."

ಫೋನಿನೊಳಗೆ ದೂರದಲ್ಲಿ ಆಟೋದ ಹಾರ್ನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಆಮೇಲೆ ಅವರು ಕೇಳಿದರು: "ಅಲ್ಲಿ ಎಷ್ಟು ಜನ ಕೂತಿದ್ದೀರಿ?"

"ಸಮಿತಿಯವರು ಮೂವರು."

"ಅವಳೂ ಇದ್ದಾಳೆಯೇ?"

"ಇದ್ದಾರೆ. ನಿಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದಾರೆ."

"ಹಾಗಾದರೆ ಎಲ್ಲರೂ ಕೇಳಿಸಿಕೊಳ್ಳಿ. ಸುಜಾತಾ ಥಿಯೇಟರಿನಲ್ಲಿದ್ದಾಗ ಅಲ್ಲಿ ನನ್ನ ಅಗತ್ಯ ಇರಲಿಲ್ಲ." ಇಷ್ಟು ಹೇಳಿ ಫೋನ್ ಇಟ್ಟುಬಿಟ್ಟರು.

ನಾನು ತಲೆ ತಗ್ಗಿಸಿ ಕೂತಿದ್ದೆ. ಕಣ್ಣು ತುಂಬಿದ್ದು ಯಾರಿಗೂ ಕಾಣಬಾರದಿತ್ತು. ಅಧ್ಯಕ್ಷೆ ಕಾಗದಗಳನ್ನು ಸರಿಮಾಡಿಕೊಳ್ಳುತ್ತ, ಸ್ವಲ್ಪ ಅನುಮಾನದಿಂದಲೇ ಕೇಳಿದರು: "ನಿಮ್ಮ ಗುರುಗಳು ಬಹಳ ವಿನಯವಂತರೆಂದು ಕಾಣುತ್ತದೆ. ಶಿಷ್ಯೆಯ ಮೇಲಿನ ಪ್ರೀತಿಗೆ ತಮ್ಮನ್ನು ಕಡಿಮೆ ಮಾಡಿಕೊಂಡು ಹೇಳಿರಬಹುದಲ್ಲವೇ?"

ತಡೆಯಲಾಗದೆ ಗಟ್ಟಿಯಾಗಿ ನಕ್ಕುಬಿಟ್ಟೆ. ಸಮಿತಿಯ ಮುಂದೆ ಹಾಗೆ ನಕ್ಕವರು ಇದ್ದರೋ ಇಲ್ಲವೋ.

"ಮೇಡಂ," ಎಂದೆ, "ಆ ಮನುಷ್ಯ ತಮ್ಮ ಜೀವಮಾನದಲ್ಲಿ ಒಂದು ಸಲವಾದರೂ ತಮ್ಮನ್ನು ಕಡಿಮೆ ಮಾಡಿಕೊಂಡು ಮಾತಾಡಿದ್ದನ್ನು ಕೇಳಿದವರು ಕಲಬುರಗಿಯಲ್ಲಿ ಒಬ್ಬರೂ ಸಿಗಲಾರರು. ಬೇಕಿದ್ದರೆ ಊರಿಗೆಲ್ಲ ಫೋನ್ ಮಾಡಿ ಕೇಳಿ. ಅದಕ್ಕೇ ಹೇಳುತ್ತೇನೆ, ಆ ಮಾತನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ."

ಅಧ್ಯಕ್ಷೆ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು ಬರೆದುಕೊಂಡರು.